ಗ್ಯಾಸ್ಟ್ರಿಕ್ ಬ್ಯಾಂಡ್ ತೆಗೆಸುವುದೋ, ಬೇರೆ ಸರ್ಜರಿಗೆ ಬದಲಿಸುವುದೋ? ಮುಂಬಯಿಯ ಸೇವೆ ಹೇಗಿದೆ

ಮೊದಲೇ ಅಂಕ ಕೊಟ್ಟುಬಿಡೋಣ. ತೂಕ ಇಳಿಸಲು ಜಠರಕ್ಕೆ ಸುತ್ತುವ ಗ್ಯಾಸ್ಟ್ರಿಕ್ ಬ್ಯಾಂಡ್ ಎಂಬ ಸಾಧನಕ್ಕೆ ಐದಕ್ಕೆ ಎರಡು. ಅದನ್ನು ಹೊರತೆಗೆಯುವ ಕೈಚಳಕಕ್ಕೆ ಮುಂಬಯಿಯಲ್ಲಿ ಐದಕ್ಕೆ ನಾಲ್ಕು. ತೆಗೆಯುವ ಮೊದಲು ರೋಗಿಯನ್ನು ಕೂರಿಸಿಕೊಂಡು, ನಿಮ್ಮ ಬ್ಯಾಂಡ್ ಕೈಕೊಟ್ಟದ್ದು ಈ ಕಾರಣಕ್ಕೆ, ಹಾಗಾಗಿ ಮುಂದಿನ ದಾರಿ ಇದು ಎಂದು ಬಿಡಿಸಿ ಹೇಳುವ ಸೇವೆಗೆ ಎರಡೂವರೆ, ಅದೂ ದಾಕ್ಷಿಣ್ಯಕ್ಕೆ. ಅಂಧೇರಿಯಿಂದ ಠಾಣೆ, ವಾಶಿಯವರೆಗೆ ಬೇರಿಯಾಟ್ರಿಕ್, ಅಂದರೆ ಬೊಜ್ಜಿನ ಸರ್ಜರಿಯ ವಿಭಾಗಗಳಿಗೇನೂ ಬರವಿಲ್ಲ. ಆದರೆ ಮಾತು ತೂಕದ ಮಷೀನಿನಿಂದ ಶುರುವಾಗಿ, ‘ಬ್ಯಾಂಡ್ ತೆಗೆದು ಅದೇ ಟೇಬಲ್ ಮೇಲೆ ಸ್ಲೀವ್ (ಜಠರದ ಬಹುಭಾಗ ಕತ್ತರಿಸಿ ಕೊಳವೆಯಷ್ಟು ಉಳಿಸುವ ಸರ್ಜರಿ) ಮಾಡಿಬಿಡೋಣ’ ಎಂಬಲ್ಲಿಗೆ ಬೇಗನೆ ಬಂದು ನಿಲ್ಲುವ ಚಾಳಿ ಹಲವು ಕಡೆ ಇದೆ. ತೂಕ ಇಲ್ಲಿ ಎರಡನೇ ಪ್ರಶ್ನೆ. ಬ್ಯಾಂಡ್ ಯಾಕೆ ಸೋತಿತು ಎಂಬುದು ಮೊದಲನೆಯದು.

ಸಾಧನದ ಬಗ್ಗೆ ನಾಲ್ಕು ಮಾತು. ಜಠರದ ಮೇಲ್ತುದಿಗೆ, ಅನ್ನನಾಳ ಬಂದು ಸೇರುವಲ್ಲಿಂದ ಸ್ವಲ್ಪ ಕೆಳಗೆ, ಒಂದು ಸಿಲಿಕೋನ್ ಉಂಗುರ ಸುತ್ತಿರುತ್ತದೆ. ಉಂಗುರದ ಒಳಮೈಯಲ್ಲಿ ಬಲೂನು. ಅಲ್ಲಿಂದ ಹೊರಟ ತೆಳು ಟ್ಯೂಬ್ ಹೊಟ್ಟೆಯ ಚರ್ಮದಡಿ, ಸ್ನಾಯುವಿನ ಮೇಲ್ಪದರಕ್ಕೆ ಹೊಲಿದ ಪೋರ್ಟ್‌ಗೆ ಸೇರುತ್ತದೆ. ಪೋರ್ಟ್‌ಗೆ ಸೂಜಿ ಚುಚ್ಚಿ ಸಲೈನ್ ತುಂಬಿದರೆ ಉಂಗುರ ಬಿಗಿ, ತೆಗೆದರೆ ಸಡಿಲ. ಹಳೆಯ ಮಾದರಿಗಳಿಗೆ 4 ಮಿ.ಲೀ. ಹಿಡಿಯುತ್ತಿತ್ತು, ನಂತರದ ಲ್ಯಾಪ್-ಬ್ಯಾಂಡ್ ಎಪಿ ಸ್ಟ್ಯಾಂಡರ್ಡ್‌ಗೆ 10, ಎಪಿ ಲಾರ್ಜ್‌ಗೆ 14 ಮಿ.ಲೀ. ಸೂಜಿ ಹ್ಯೂಬರ್ ಸೂಜಿಯೇ ಆಗಬೇಕು. ಮಾಮೂಲಿ ಇಂಜೆಕ್ಷನ್ ಸೂಜಿ ಪೋರ್ಟಿನ ರಬ್ಬರನ್ನು ಕೊರೆದು ಚೂರು ತೆಗೆಯುತ್ತದೆ, ಆಮೇಲೆ ಸಲೈನ್ ಸೋರಲು ಶುರು. ‘ನನ್ನ ಬ್ಯಾಂಡ್ ಕೆಲಸವೇ ಮಾಡುತ್ತಿಲ್ಲ’ ಎಂಬ ದೂರಿನ ಹಿಂದೆ ಕೆಲವೊಮ್ಮೆ ಇರುವುದು ಇಷ್ಟೇ. ತುಂಬಿದ್ದು 7 ಮಿ.ಲೀ., ವಾಪಸ್ ಎಳೆದಾಗ ಸಿಕ್ಕಿದ್ದು 3 ಎಂದಾದರೆ ಸೋರಿಕೆ ಖಾತ್ರಿ. ಅಂಥವರಿಗೆ ಜಠರದ ಆಪರೇಷನ್ ಬಗ್ಗೆ ಮಾತಾಡುವ ಮುಂಚೆ ಪೋರ್ಟ್ ಪರೀಕ್ಷೆ ಆಗಬೇಕು.

ಅಮೆರಿಕದ ಔಷಧ-ಸಾಧನ ನಿಯಂತ್ರಕ ಎಫ್‌ಡಿಎ ಲ್ಯಾಪ್-ಬ್ಯಾಂಡ್‌ಗೆ ಒಪ್ಪಿಗೆ ಕೊಟ್ಟಿದ್ದು 2001ರಲ್ಲಿ. ಕತ್ತರಿಸುವುದಿಲ್ಲ, ಬೇಡವಾದರೆ ತೆಗೆಯಬಹುದು ಎಂಬ ಆಕರ್ಷಣೆಯಿಂದ ಅದು ಎಲ್ಲೆಡೆ ಹಬ್ಬಿತು. ನಮ್ಮವರಲ್ಲಿ ಗಲ್ಫ್‌ನಲ್ಲೋ ಆಸ್ಟ್ರೇಲಿಯಾದಲ್ಲೋ ಹಾಕಿಸಿಕೊಂಡು ಡೊಂಬಿವಲಿಗೆ, ಪುಣೆಗೆ ಮರಳಿದವರೂ ಇದ್ದಾರೆ. ದೀರ್ಘಕಾಲದ ಲೆಕ್ಕ ಮಾತ್ರ ಸಿಹಿಯಾಗಿಲ್ಲ. ಬ್ರಸೆಲ್ಸ್‌ನಲ್ಲಿ 12 ವರ್ಷ ದಾಟಿದ ರೋಗಿಗಳನ್ನು ಗಮನಿಸಿ 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮಾರು ಅರ್ಧದಷ್ಟು ಮಂದಿಯ ಬ್ಯಾಂಡ್ ಹೊರಬಂದಿತ್ತು. ಅಮೆರಿಕದ ಸರ್ಕಾರಿ ವಿಮೆ ಮೆಡಿಕೇರ್‌ನ 25,042 ರೋಗಿಗಳ ಲೆಕ್ಕ 2017ರಲ್ಲಿ ಬಂತು, ಅದರಲ್ಲಿ 18.5% ಜನರಿಗೆ ಮತ್ತೆ ಆಪರೇಷನ್ ಬೇಕಾಗಿತ್ತು. ತಯಾರಕರೂ ಒಬ್ಬೊಬ್ಬರಾಗಿ ಕೈತೊಳೆದುಕೊಂಡರು: ಅಲರ್ಗಾನ್ 2013ರಲ್ಲಿ ಲ್ಯಾಪ್-ಬ್ಯಾಂಡನ್ನು ಮಾರಿತು, ಎಥಿಕಾನ್ 2016ರಲ್ಲಿ ರಿಯಲೈಸ್ ಬ್ಯಾಂಡ್ ನಿಲ್ಲಿಸಿತು. ಆದ್ದರಿಂದ ಹಳೆಯದನ್ನು ತೆಗೆದು ಹೊಸ ಬ್ಯಾಂಡ್ ಹಾಕುವ ಸಲಹೆ ಇಂದು ಯಾರಾದರೂ ಕೊಟ್ಟರೆ, ಭಾಗಗಳು ಎಲ್ಲಿ ಸಿಗುತ್ತವೆ, ಐದು ವರ್ಷದ ನಂತರ ಸೂಜಿ ಹಾಕುವವರು ಯಾರು ಎಂದು ಕೇಳಿ.

ಒಳ್ಳೆಯ ಕೇಂದ್ರವನ್ನು ಗುರುತಿಸುವುದು ಸುಲಭ: ಅವರು ಮೊದಲು ಬ್ಯಾಂಡನ್ನು ಪೂರ್ತಿ ಖಾಲಿ ಮಾಡುತ್ತಾರೆ. ಓಪಿಡಿಯಲ್ಲೇ ಆಗುವ ಕೆಲಸ, ಪೋರ್ಟ್ ಮಗುಚಿದ್ದರೆ ಎಕ್ಸ್-ರೇ ಪರದೆಯ ಕೆಳಗೆ. ಎಷ್ಟು ಮಿ.ಲೀ. ಬಂತೆಂದು ಬರೆದುಕೊಡುತ್ತಾರೆ. ಬ್ಯಾಂಡ್ ಬಿಗಿಯಾಗಿದ್ದು ಅನ್ನನಾಳ ಹಿಗ್ಗಿದ್ದರೆ, ಖಾಲಿ ಮಾಡಿದ ಕೆಲವು ವಾರಗಳಲ್ಲಿ ಸಾಮಾನ್ಯವಾಗಿ ಅದು ಸುಧಾರಿಸುತ್ತದೆ. ಸುಧಾರಿಸಿತೋ ಇಲ್ಲವೋ ಎಂದು ನೋಡದೆ ಮುಂದಿನ ಸರ್ಜರಿ ಆರಿಸುವುದು ಅವಸರ.

ಆಮೇಲೆ ಮೂರು ತಪಾಸಣೆ. ಒಂದು, ಬರೀ ಎಕ್ಸ್-ರೇ. ಬ್ಯಾಂಡ್ ಸರಿಯಾದ ಜಾಗದಲ್ಲಿದ್ದರೆ ಉಂಗುರ ಅಡ್ಡಮೈ ತೋರಿಸಿ ಸಪೂರ ಆಯತದ ಹಾಗೆ ಕಾಣುತ್ತದೆ, ಬೆನ್ನುಮೂಳೆಯ ಗೆರೆಗೂ ಅದಕ್ಕೂ ನಡುವಿನ ಕೋನ 4ರಿಂದ 58 ಡಿಗ್ರಿಯೊಳಗೆ ಇರುತ್ತದೆ. ಜಾರಿದ್ದರೆ ಉಂಗುರ ಮುಖಾಮುಖಿ ತಿರುಗಿ ಸೊನ್ನೆಯಂತೆ ದುಂಡಗೆ ಕಾಣುತ್ತದೆ. ಫಿಲ್ಮ್ ಕೈಗೆ ಬಂದಾಗ ನೀವೇ ನೋಡಿಕೊಳ್ಳಬಹುದು. ಆದರೆ ದುಂಡಗೆ ಕಾಣಲಿಲ್ಲ ಎಂದ ಮಾತ್ರಕ್ಕೆ ಜಾರಿಲ್ಲ ಎಂದು ನಿರಾಳರಾಗಬೇಡಿ. ಎರಡು, ಬೇರಿಯಂ ನುಂಗಿಸಿ ತೆಗೆಯುವ ಚಿತ್ರ: ಉಂಗುರದ ಮೇಲಿನ ಚೀಲ ಎಷ್ಟು ಹಿಗ್ಗಿದೆ, ಅನ್ನನಾಳದ ಗತಿ ಏನು. ಮೂರು, ಎಂಡೋಸ್ಕೋಪಿ. ಇದು ಬಿಟ್ಟರೆ ಬ್ಯಾಂಡ್ ಜಠರದ ಗೋಡೆಯನ್ನು ಕೊರೆದು ಒಳಗೆ ಇಣುಕಿದೆಯೋ ಎಂದು ತಿಳಿಯುವ ಭರವಸೆಯ ದಾರಿ ಇಲ್ಲ. ಹಾಕಿಸಿ ವರ್ಷಗಳಾದ ಮೇಲೆ ಪೋರ್ಟ್ ಜಾಗ ಕೆಂಪಾಗಿ ಕೀವು ಬಂದರೆ ಅದು ಬರೀ ಚರ್ಮದ ಸೋಂಕು ಎಂದು ಆಂಟಿಬಯೋಟಿಕ್ ಬರೆದು ಕಳಿಸುವುದು ದೊಡ್ಡ ತಪ್ಪು. ಒಳಗಿನ ಕೊರೆತದ ಸೋಂಕು ಟ್ಯೂಬ್ ಹಿಡಿದುಕೊಂಡು ಹೊರಗೆ ಬಂದಿರಬಹುದು. ನುಂಗುವ ತೊಂದರೆ ಹೆಚ್ಚಿದ್ದವರಿಗೆ ಅನ್ನನಾಳದ ಒತ್ತಡ ಅಳೆಯುವ ಮ್ಯಾನೋಮೆಟ್ರಿ ಕೂಡ ಬೇಕಾಗುತ್ತದೆ. ಎಂಡೋಸ್ಕೋಪಿಗೆ ಮುನ್ನಾದಿನ ಗಂಜಿನೀರು, ಎಳನೀರಿನಂಥ ದ್ರವದಲ್ಲೇ ಇರುವುದು ಕ್ಷೇಮ, ಮೇಲಿನ ಚೀಲದಲ್ಲಿ ಹಿಂದಿನ ದಿನದ ಅನ್ನ ಉಳಿದಿದ್ದರೆ ಮಂಪರಿನಲ್ಲಿ ಶ್ವಾಸಕೋಶಕ್ಕೆ ಇಳಿಯುವ ಭಯವಿದೆ.

ಇನ್ನು ನಿರ್ಧಾರ. ಬ್ಯಾಂಡ್ ಕೊರೆದು ಒಳಗೆ ಬಂದಿದ್ದರೆ ಚರ್ಚೆಯೇ ಇಲ್ಲ, ತೆಗೆಯಬೇಕು, ಅದೇ ದಿನ ಇನ್ನೊಂದು ಸರ್ಜರಿ ಬೇಡ. ತೂತು ಮುಚ್ಚಿ ಮಾಗಲು ಕನಿಷ್ಠ ಮೂರು ತಿಂಗಳಾದರೂ ಬಿಡಬೇಕು. ಉಂಗುರದ ಬಕಲ್ ಜಠರದ ಒಳಗೆ ಪೂರ್ತಿ ಬಂದಿದ್ದರೆ ಎಂಡೋಸ್ಕೋಪಿಯಲ್ಲೇ ತಂತಿಯಿಂದ ಕತ್ತರಿಸಿ ಬಾಯಿಯ ದಾರಿಯಾಗಿ ಎಳೆಯುವ ವಿಧಾನವೂ ಇದೆ, ಅದು ಬಲ್ಲ ಎಂಡೋಸ್ಕೋಪಿಸ್ಟ್ ಇರುವ ಕೇಂದ್ರವನ್ನೇ ಹುಡುಕಿ.

ಜಾರಿದ್ದರೆ, ಅನ್ನನಾಳ ಹಿಗ್ಗಿದ್ದರೆ, ರಾತ್ರಿ ಮಲಗಿದಾಗ ಕೆಮ್ಮು ಬಂದು ದಿಂಬಿನ ಮೇಲೆ ಹುಳಿನೀರು ಬೀಳುತ್ತಿದ್ದರೆ, ಆಗಲೂ ತೆಗೆಸುವುದೇ ಸರಿ. ಮುಂದೆ ಏನು ಮಾಡುವುದು ಎಂಬುದಕ್ಕೆ ಎದೆಯುರಿ ದಿಕ್ಸೂಚಿ. ಎದೆಯುರಿ, ಹಯಾಟಸ್ ಹರ್ನಿಯಾ (ಜಠರದ ಮೇಲ್ಭಾಗ ಎದೆಗೂಡಿನತ್ತ ನುಗ್ಗುವುದು), ಬ್ಯಾರೆಟ್ ಬದಲಾವಣೆ (ಹುಳಿಯಿಂದ ಅನ್ನನಾಳದ ಒಳಪದರ ಬದಲಾಗುವುದು) ಇದ್ದವರಿಗೆ ಸ್ಲೀವ್ ಬೇಡ. ಸ್ಲೀವ್ ಜಠರವನ್ನು ಒತ್ತಡದ ಕೊಳವೆ ಮಾಡುತ್ತದೆ, ಇದ್ದ ಹುಳಿ ಇಮ್ಮಡಿಯಾಗುತ್ತದೆ. ಅಂಥವರಿಗೆ ಜಠರದ ತುದಿಯಲ್ಲಿ ಸಣ್ಣ ಚೀಲ ಮಾಡಿ ಅದನ್ನು ಸಣ್ಣ ಕರುಳಿಗೆ ಜೋಡಿಸುವ ರೂ-ಎನ್-ವೈ ಬೈಪಾಸ್ ಸರಿಯಾದ ಆಯ್ಕೆ. ನಮ್ಮ ದೇಶದಲ್ಲಿ ಜನಪ್ರಿಯವಾದ, ಕರುಳಿಗೆ ಒಂದೇ ಜೋಡಣೆ ಮಾಡುವ ಮಿನಿ ಬೈಪಾಸ್ ಬೇಗ ಮುಗಿಯುತ್ತದೆ, ತೂಕವೂ ಚೆನ್ನಾಗಿ ಇಳಿಯುತ್ತದೆ, ಆದರೆ ಪಿತ್ತರಸ ಮೇಲೆ ಬರುವ ಸಾಧ್ಯತೆ ಇರುವುದರಿಂದ ತೀವ್ರ ಎದೆಯುರಿ ಇದ್ದವರು ಅದರಿಂದ ದೂರ ಇರುವುದು ಲೇಸು. ಎದೆಯುರಿ ಇಲ್ಲ, ಅನ್ನನಾಳ ಚೆನ್ನಾಗಿದೆ, ತೂಕ ಮಾತ್ರ ಇಳಿಯಲಿಲ್ಲ ಎನ್ನುವವರಿಗೆ ಸ್ಲೀವ್ ಕೂಡ ಚರ್ಚೆಗೆ ಬರುತ್ತದೆ.

ತೂಕ ಇಳಿಯದ್ದಕ್ಕೆ ಬ್ಯಾಂಡ್ ಒಂದೇ ಕಾರಣವಲ್ಲ ಎಂಬುದನ್ನೂ ಹೇಳಬೇಕು. ಬಿಗಿ ಉಂಗುರದಲ್ಲಿ ಚಪಾತಿ, ಗಟ್ಟಿ ಅನ್ನ, ವಡಾಪಾವಿನ ಪಾವು ಹಿಟ್ಟಿನ ಮುದ್ದೆಯಾಗಿ ಸಿಕ್ಕಿಕೊಳ್ಳುತ್ತದೆ. ಫಾಲೂದಾ, ಐಸ್‌ಕ್ರೀಂ, ಮಾವಿನ ರಸ, ಜಗಿದು ಪುಡಿಯಾದ ಫರ್ಸಾಣ್ ಸಲೀಸಾಗಿ ಇಳಿಯುತ್ತವೆ. ಹಾಗಾಗಿ ಬ್ಯಾಂಡ್ ಬಿಗಿ ಮಾಡಿದಷ್ಟೂ ಊಟ ಕಡಿಮೆಯಾಗಿ ಸಿಹಿ ಹೆಚ್ಚುತ್ತದೆ. ಡಯಟಿಷಿಯನ್ ಇದನ್ನು ಕೇಳಿ ತಿಳಿದುಕೊಳ್ಳದೆ, ಇನ್ನೂ 1 ಮಿ.ಲೀ. ತುಂಬೋಣ ಎನ್ನುವ ಕೇಂದ್ರಕ್ಕೆ ಎರಡನೇ ಸಲ ಹೋಗಬೇಡಿ.

ತೊಂದರೆಯೇ ಇಲ್ಲದೆ, ತೂಕ ನಿಂತಲ್ಲೇ ನಿಂತಿರುವವರು? ಅವರಿಗೆ ಅವಸರವಿಲ್ಲ. ಖಾಲಿ ಬ್ಯಾಂಡ್ ಒಳಗಿದ್ದರೂ ವರ್ಷಕ್ಕೊಮ್ಮೆ ತೋರಿಸಿಕೊಳ್ಳಬೇಕು, ಅಷ್ಟೇ. ತೆಗೆಸಿ ಸುಮ್ಮನಾದವರಲ್ಲಿ ಬಹುತೇಕರಿಗೆ ತೂಕ ವಾಪಸ್ ಬರುತ್ತದೆ, ಇದನ್ನು ತೆಗೆಯುವ ಮೊದಲೇ ಹೇಳದ ಸರ್ಜನ್ ಅರ್ಧ ಮಾತು ಹೇಳಿದಂತೆ. 2025ರಲ್ಲಿ ತೂಕ ಇಳಿಸುವ ಇಂಜೆಕ್ಷನ್‌ಗಳಾದ ಮೌಂಜಾರೊ, ಆಮೇಲೆ ವೆಗೋವಿ ನಮ್ಮಲ್ಲೂ ಬಂದ ಮೇಲೆ ಮಧ್ಯದ ದಾರಿಯೊಂದು ತೆರೆದಿದೆ: ಬ್ಯಾಂಡ್ ತೆಗೆಸಿ, ವಾರದ ಇಂಜೆಕ್ಷನ್ ಜೊತೆ ಕೆಲವು ತಿಂಗಳು ನೋಡಿ, ಆಮೇಲೆ ಬೈಪಾಸ್ ಬೇಕೋ ಎಂದು ತೀರ್ಮಾನಿಸುವುದು. ಈ ಇಂಜೆಕ್ಷನ್ ತೆಗೆದುಕೊಳ್ಳುತ್ತಿರುವುದನ್ನು ಅರಿವಳಿಕೆ ವೈದ್ಯರಿಗೆ ತಪ್ಪದೆ ಹೇಳಿ. ಹೊಟ್ಟೆ ನಿಧಾನವಾಗಿ ಖಾಲಿಯಾಗುವುದರಿಂದ ಉಪವಾಸವಿದ್ದರೂ ಒಳಗೆ ಆಹಾರ ಉಳಿದಿರಬಹುದು.

ಒಂದೇ ಸಲವೋ, ಎರಡು ಸಲವೋ ಎಂಬಲ್ಲಿ ನಮ್ಮ ಒಲವು ಎರಡು ಸಲದ ಕಡೆ. ಬ್ಯಾಂಡ್ ಕೂತಿದ್ದ ಜಾಗದಲ್ಲಿ ದಪ್ಪ ಗಾಯದ ಪೊರೆ ಕಟ್ಟಿರುತ್ತದೆ. ಅದರ ಮೇಲೆ ಸ್ಟೇಪ್ಲರ್ ಹೊಡೆಯುವುದು ಜೀನ್ಸ್ ಪ್ಯಾಂಟಿನ ಮಡಿಕೆಯ ಮೇಲೆ ಹೊಲಿಗೆ ಯಂತ್ರ ಓಡಿಸಿದಂತೆ, ಪಿನ್ನು ಪೂರ್ತಿ ಮಡಚಿಕೊಳ್ಳದೆ ಸೋರಿಕೆಯಾಗಬಹುದು. ಸ್ಲೀವ್‌ನಲ್ಲಿ ಸ್ಟೇಪಲ್ ಸಾಲು ಸರಿಯಾಗಿ ಆ ಜಾಗವನ್ನೇ ಹಾದು ಹೋಗುತ್ತದೆ ಎಂಬುದು ಕಷ್ಟ. ಮೂರು ತಿಂಗಳು ಬಿಟ್ಟರೆ ಊತ ಇಳಿದು ಗೋಡೆ ಮೆದುವಾಗುತ್ತದೆ. ನುರಿತ ಕೈ, ಊತವಿಲ್ಲದ ಜಠರ, ಆಗಲೇ ಹಲವು ವಾರ ಖಾಲಿ ಇದ್ದ ಬ್ಯಾಂಡ್, ಈ ಮೂರೂ ಇದ್ದರೆ ಒಂದೇ ಸಲದಲ್ಲಿ ಬೈಪಾಸ್ ಮಾಡುವವರಿದ್ದಾರೆ, ಅದು ತಪ್ಪೂ ಅಲ್ಲ. ಆದರೆ ಒಳಗೆ ನೋಡಿದಾಗ ಪರಿಸ್ಥಿತಿ ಕೆಟ್ಟಿದ್ದರೆ ಬರೀ ತೆಗೆದು ನಿಲ್ಲಿಸುತ್ತೇವೆ ಎಂಬ ಮಾತು ಸಮ್ಮತಿ ಪತ್ರದಲ್ಲಿ ಬರೆದಿರಬೇಕು.

ತೆಗೆಯುವ ಆಪರೇಷನ್ ಕೀಹೋಲ್ ಮೂಲಕ, ಪೂರ್ತಿ ಅರಿವಳಿಕೆಯಲ್ಲಿ. ಯಕೃತ್ತಿನ ಎಡಭಾಗ ಬ್ಯಾಂಡಿಗೆ ಅಂಟಿಕೊಂಡಿರುತ್ತದೆ, ಅದನ್ನು ಬಿಡಿಸಿ, ಟ್ಯೂಬ್ ಹಿಡಿದುಕೊಂಡು ಬಕಲ್‌ವರೆಗೆ ಹೋಗಿ, ಪೊರೆ ಸೀಳಿ, ಉಂಗುರ ಕತ್ತರಿಸಿ ಎಳೆಯುತ್ತಾರೆ. ಆಮೇಲಿನ ಎರಡು ಕೆಲಸಗಳನ್ನು ಕೆಲವರು ಹಾರಿಸುತ್ತಾರೆ, ಕೇಳಿಯೇ ತಿಳಿದುಕೊಳ್ಳಿ. ಬ್ಯಾಂಡ್ ಹಾಕುವಾಗ ಜಠರವನ್ನು ಅದರ ಮೇಲೆ ಮಡಚಿ ಹಾಕಿದ ಹೊಲಿಗೆಗಳನ್ನು ಬಿಚ್ಚುವುದು ಒಂದು, ಕೆಳಗಿನ ಬಿಗಿ ಪೊರೆಯನ್ನು ಸೀಳಿ ಸಡಿಲಿಸುವುದು ಇನ್ನೊಂದು. ಬಿಚ್ಚದಿದ್ದರೆ ಬ್ಯಾಂಡ್ ಹೋದರೂ ನುಂಗುವ ಕಷ್ಟ ಹೋಗುವುದಿಲ್ಲ. ಕೊನೆಗೆ ನೀಲಿ ಬಣ್ಣ ಅಥವಾ ಗಾಳಿ ಬಿಟ್ಟು ಸೋರಿಕೆ ಪರೀಕ್ಷೆ. ಉಂಗುರ, ಟ್ಯೂಬ್, ಪೋರ್ಟ್ ಮೂರೂ ಪೂರ್ತಿ ಹೊರಬಂದವು ಎಂದು ಆಪರೇಷನ್ ನೋಟ್ಸ್‌ನಲ್ಲಿ ಇರಲಿ. ಬರೀ ತೆಗೆದದ್ದಾದರೆ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಮನೆ.

ಬಿಲ್ಲಿನ ವಿಷಯಕ್ಕೆ ಬಂದರೆ, ಬದಲಿಸುವ ಸರ್ಜರಿಯಲ್ಲಿ ದುಡ್ಡು ತಿನ್ನುವುದು ಸ್ಟೇಪ್ಲರ್ ಕಾರ್ಟ್ರಿಜ್, ಅಂದರೆ ಪಿನ್ನುಗಳ ಸೆಟ್ಟು. ಎಸ್ಟಿಮೇಟ್‌ನಲ್ಲಿ ಎಷ್ಟು ಕಾರ್ಟ್ರಿಜ್ ಹಿಡಿದಿದ್ದಾರೆ, ಹೆಚ್ಚಾದರೆ ಒಂದಕ್ಕೆ ಎಷ್ಟು ಎಂದು ಬರೆಸಿಕೊಳ್ಳಿ. ಪಾಲಿಸಿಯ ರೂಂ ಬಾಡಿಗೆ ಮಿತಿ ದಾಟಿ ಸಿಂಗಲ್ ರೂಂ ಹಿಡಿದರೆ ಬಾಡಿಗೆಯ ವ್ಯತ್ಯಾಸ ಮಾತ್ರವಲ್ಲ, ಸರ್ಜನ್ ಫೀಸು, ಓಟಿ ಚಾರ್ಜಿನಲ್ಲೂ ಅದೇ ಅನುಪಾತದಲ್ಲಿ ಕಡಿತವಾಗುವ ಪಾಲಿಸಿಗಳಿವೆ. ವಿಮಾ ನಿಯಂತ್ರಕ ಐಆರ್‌ಡಿಎಐ ನಿಯಮದ ಪ್ರಕಾರ ಬೊಜ್ಜಿನ ಸರ್ಜರಿಗೆ ವಿಮೆ ಸಿಗಲು ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ) 40 ಅಥವಾ ಅದಕ್ಕಿಂತ ಹೆಚ್ಚು ಇರಬೇಕು, ಇಲ್ಲವೇ 35 ಅಥವಾ ಅದಕ್ಕಿಂತ ಹೆಚ್ಚಿದ್ದು ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ತೀವ್ರ ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಉಸಿರು ನಿಲ್ಲುವ ತೊಂದರೆ), ಹೃದ್ರೋಗದಂಥ ತೊಂದರೆ ಇರಬೇಕು. ಆದರೆ ಜಾರಿದ ಬ್ಯಾಂಡ್ ತೆಗೆಯುವುದು ತೂಕ ಇಳಿಸುವ ಚಿಕಿತ್ಸೆಯಲ್ಲ, ಅಡಚಣೆಯ ಚಿಕಿತ್ಸೆ. ವಿಮೆಯ ಕ್ಲೈಮ್ ನೋಡುವ ಟಿಪಿಎಗೆ ಕಳಿಸುವ ಕಾಗದದಲ್ಲಿ ಬರೀ ‘ಬ್ಯಾಂಡ್ ರಿಮೂವಲ್’ ಎಂದು ಬರೆಯದೆ, ತಪಾಸಣೆಯಲ್ಲಿ ಕಂಡ ರೋಗವನ್ನೇ ವರದಿ ಸಮೇತ ಬರೆಯಲು ಹೇಳಿ. ತೆಗೆಯುವುದು, ಬದಲಿ ಸರ್ಜರಿ ಎರಡೂ ಒಂದೇ ದಿನ ಆದರೆ ಬಿಲ್ಲು ಬೇರೆ ಬೇರೆ ಮಾಡಿಸಿ. ಈ ಕಾಗದದ ಕೆಲಸದಲ್ಲಿ ಮುಂಬಯಿಯ ದೊಡ್ಡ ಆಸ್ಪತ್ರೆಗಳ ಡೆಸ್ಕ್ ಪಳಗಿದೆ. ಪುಣೆಯಿಂದ, ಗೋವಾದಿಂದ ಬರುವವರು ಮುಂಗಡ ಒಪ್ಪಿಗೆ ಕೈಗೆ ಸಿಕ್ಕ ಮೇಲೇ ಹೊರಡುವುದು ಒಳ್ಳೆಯದು.

ಬೈಪಾಸ್ ಆದರೆ ಜೀವನಪೂರ್ತಿ ಮಾತ್ರೆ. ಬಿ12 ದಿನಕ್ಕೆ 350ರಿಂದ 1000 ಮೈಕ್ರೋಗ್ರಾಂ, ಕ್ಯಾಲ್ಸಿಯಂ ಸಿಟ್ರೇಟ್ 1200ರಿಂದ 1500 ಮಿ.ಗ್ರಾಂ ಎರಡು-ಮೂರು ಹೊತ್ತಿಗೆ ಹಂಚಿ, ಕಬ್ಬಿಣಾಂಶದ ಮಾತ್ರೆ ಅದರಿಂದ ಎರಡು ಗಂಟೆ ದೂರ. ದಿನಕ್ಕೆ 60 ಗ್ರಾಂ ಪ್ರೋಟೀನು ಇಡ್ಲಿ-ಸಾಂಬಾರಿನಲ್ಲಿ ಬರುವುದಿಲ್ಲ. ಸಸ್ಯಾಹಾರಿಗಳು ಪನೀರ್, ಸೋಯಾ, ವ್ಹೇ ಪುಡಿ ಲೆಕ್ಕಕ್ಕೆ ತರಬೇಕು. ಸಿಗರೇಟು ಬಿಡಲೇಬೇಕು. ಮಂಡಿನೋವಿಗೆ ಮೆಡಿಕಲ್ ಸ್ಟೋರಿನಿಂದ ತಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೂಡದು, ಜೋಡಣೆಯ ಜಾಗದಲ್ಲಿ ಹುಣ್ಣಾಗುತ್ತದೆ.

ತೆಗೆಸುವ ದಿನ ಗೊತ್ತಾಗಿ ಕಾಯುತ್ತಿರುವವರಿಗೆ ಒಂದು ಎಚ್ಚರಿಕೆ. ಉಗುಳೂ ಇಳಿಯದಷ್ಟು ಕಟ್ಟಿಕೊಂಡರೆ, ಮೇಲುಹೊಟ್ಟೆ ಬಿಡದೆ ನೋಯುತ್ತಿದ್ದರೆ ಅದು ಗ್ಯಾಸ್ ಅಲ್ಲ. ಜಾರಿದ ಬ್ಯಾಂಡ್ ಜಠರದ ರಕ್ತಸಂಚಾರ ತಡೆಯಬಹುದು, ಮರುದಿನಕ್ಕೆ ಮುಂದೂಡುವಂತಿಲ್ಲ. ಕ್ಯಾಶುಯಲ್ಟಿಯಲ್ಲಿ ಆಸಿಡಿಟಿ ಇಂಜೆಕ್ಷನ್ ಕೊಟ್ಟು ಕಳಿಸಲು ಬಿಡದೆ ‘ಹೊಟ್ಟೆಯಲ್ಲಿ ಬ್ಯಾಂಡ್ ಇದೆ, ಮೊದಲು ಪೋರ್ಟಿನಿಂದ ಸಲೈನ್ ತೆಗೆಯಿರಿ’ ಎಂದು ಹೇಳಿ, ಹ್ಯೂಬರ್ ಸೂಜಿ ಇಲ್ಲದಿದ್ದರೆ ಆ ಹೊತ್ತಿಗೆ ಯಾವ ಸೂಜಿಯಾದರೂ ಸರಿ. ವಾರಗಟ್ಟಲೆ ವಾಂತಿಯಾಗಿದ್ದರೆ ಗ್ಲೂಕೋಸ್ ಬಾಟಲಿಗೆ ಮೊದಲು ಥಯಾಮಿನ್ (ವಿಟಮಿನ್ ಬಿ1) ಇಂಜೆಕ್ಷನ್ ಕೊಡಿಸಿ. ಅದಿಲ್ಲದೆ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಪೆಟ್ಟಾದೀತು. ಮತ್ಸ್ಯಗಂಧ ಎಕ್ಸ್‌ಪ್ರೆಸ್‌ನಲ್ಲಿ ಊರಿಗೆ ಹೊರಟರೆ ರಾತ್ರಿಯೆಲ್ಲ ಕೊಂಕಣದ ಸಣ್ಣ ಸ್ಟೇಷನ್‌ಗಳು. ಬ್ಯಾಂಡಿನ ಹೆಸರು, ಅಳತೆ, ಈಗ ಒಳಗಿರುವ ಮಿ.ಲೀ., ಪೋರ್ಟ್ ಇರುವ ಜಾಗ, ಸರ್ಜನ್ ಫೋನು ನಂಬರು ಬರೆದ ಚೀಟಿ ಪರ್ಸಿನಲ್ಲಿರಲಿ, ಹೊರಡುವ ಮುನ್ನ ಬ್ಯಾಂಡ್ ಖಾಲಿ ಮಾಡಿಸಿಕೊಂಡಿದ್ದರೆ ಇನ್ನೂ ಒಳ್ಳೆಯದು.