ಚಕ್ ಬೆರ್ರಿ ಸಂಕಲನ ‘ದಿ ಗ್ರೇಟ್ ಟ್ವೆಂಟಿ-ಎಯ್ಟ್’: ಗಿಟಾರ್ ಭರಪೂರ, ಬ್ಲೂಸ್ ಕೊರತೆ

2017ರ ಮಾರ್ಚ್ 18ರಂದು ತೊಂಬತ್ತರ ವಯಸ್ಸಿನಲ್ಲಿ ನಿಧನರಾದ ಅಮೆರಿಕದ ರಾಕ್ ಅಂಡ್ ರೋಲ್ ಗಾಯಕ, ಗಿಟಾರ್ ವಾದಕ ಚಕ್ ಬೆರ್ರಿ ಅವರ ಗಿಟಾರ್ ವಾದನವನ್ನು ಮೊದಲ ಬಾರಿಗೆ ಕೇಳಲು ಹೊರಟವರು ಯಾವ ಆಲ್ಬಂ ಕೊಳ್ಳಬೇಕೆಂದು ಕೇಳಿದರೆ, ಚೆಸ್ ರೆಕಾರ್ಡ್ ಸಂಸ್ಥೆಯ ಧ್ವನಿಮುದ್ರಣಗಳಿಂದ ಆಯ್ದು 1982ರಲ್ಲಿ ಹೊರತಂದ ‘ದಿ ಗ್ರೇಟ್ ಟ್ವೆಂಟಿ-ಎಯ್ಟ್’ ಸಂಕಲನವನ್ನೇ ನಾನು ಸೂಚಿಸುತ್ತೇನೆ. ಆದರೂ ಅದರ ಬಗ್ಗೆ ಒಂದು ತಕರಾರು ಇದ್ದೇ ಇದೆ.

1955ರ ‘ಮೇಬಲೀನ್’ನಿಂದ ತೊಡಗುವ ಇಪ್ಪತ್ತೆಂಟು ಹಾಡುಗಳನ್ನು ಹೆಚ್ಚುಕಡಿಮೆ ಕಾಲಾನುಕ್ರಮದಲ್ಲೇ ಜೋಡಿಸಿರುವುದರಿಂದ, ಆ ಶೈಲಿ ರೂಪುಗೊಂಡ ಬಗೆ ಕಿವಿಗೆ ಸ್ಪಷ್ಟವಾಗುತ್ತದೆ. ಎರಡು ತಂತಿಗಳನ್ನು ಒಟ್ಟಿಗೆ ಮೀಟಿ ಸ್ವರವನ್ನು ಎಳೆಯುವ ಕ್ರಮ ಹಿರಿಯ ಗಿಟಾರ್ ವಾದಕ ಟಿ-ಬೋನ್ ವಾಕರ್ ಅವರಿಂದ ಬಂದದ್ದು. 1958ರ ‘ಜಾನಿ ಬಿ. ಗುಡ್’ ಹಾಡಿನ ಪ್ರಸಿದ್ಧ ಆರಂಭವಂತೂ, ಗಾಯಕ ಲೂಯಿ ಜೋರ್ಡಾನ್ ತಂಡದ ಗಿಟಾರ್ ವಾದಕ ಕಾರ್ಲ್ ಹೋಗನ್ 1946ರಲ್ಲಿ ನುಡಿಸಿದ್ದ ತುಣುಕಿಗೆ ತೀರ ಹತ್ತಿರದಲ್ಲಿದೆ. ಬೆರ್ರಿ ಅದಕ್ಕೆ ವೇಗ ಕೊಟ್ಟರು, ಹಾಡಿನ ಪ್ರತಿ ಸಾಲಿಗೂ ಗಿಟಾರ್‌ನಿಂದ ಜವಾಬು ಹೇಳಿಸಿದರು. ಅದೂ ಬಿ-ಫ್ಲ್ಯಾಟ್ ಶ್ರುತಿಯಲ್ಲಿ! ಗಿಟಾರ್ ಕಲಿಯುವವರು ಸಾಮಾನ್ಯವಾಗಿ ತಪ್ಪಿಸಿಕೊಳ್ಳಲು ನೋಡುವ ಇಂಥ ಶ್ರುತಿಗಳು, ಪಿಯಾನೋ ವಾದಕ ಜಾನಿ ಜಾನ್ಸನ್ ಅವರ ಒಡನಾಟದಲ್ಲಿ ಬೆರ್ರಿ ಅವರಿಗೆ ಒಗ್ಗಿದ್ದವು. ಬ್ರಿಟನ್ನಿನ ರಾಕ್ ತಂಡ ರೋಲಿಂಗ್ ಸ್ಟೋನ್ಸ್ 1963ರಲ್ಲಿ ತಮ್ಮ ಮೊದಲ ಸಿಂಗಲ್‌ಗೆ ಆರಿಸಿಕೊಂಡ ‘ಕಮ್ ಆನ್’ ಕೂಡ ಈ ಸಂಕಲನದಲ್ಲಿದೆ.

ಎಲ್ಲವನ್ನೂ ಒಂದೇ ಸಲಕ್ಕೆ ಕೇಳಿದರೆ ದಣಿವಾಗುವುದು ನಿಜ. 1957ರ ‘ಸ್ಕೂಲ್ ಡೇಸ್’ ಧಾಟಿಯೇ 1964ರ ‘ನೋ ಪರ್ಟಿಕ್ಯುಲರ್ ಪ್ಲೇಸ್ ಟು ಗೋ’ ಹಾಡಿನಲ್ಲಿ ಮರಳಿ ಬರುತ್ತದೆ. ಎರಡು ಎಲ್‌ಪಿಗಳ ಆವೃತ್ತಿ ಸಿಕ್ಕವರು ಒಮ್ಮೆಗೆ ಒಂದು ಬದಿಯನ್ನಷ್ಟೇ ಕೇಳುವುದು ಒಳ್ಳೆಯದು.

ಇನ್ನು ತಕರಾರಿನ ವಿಚಾರ. ಗಾಯಕ ಮಡ್ಡಿ ವಾಟರ್ಸ್ ಅವರ ಸಲಹೆಯಂತೆ ಚೆಸ್ ಸಂಸ್ಥೆಯ ಒಡೆಯರಾದ ಷಿಕಾಗೋದ ಲಿಯೊನಾರ್ಡ್ ಚೆಸ್ ಅವರನ್ನು ಕಾಣಲು ಹೋದಾಗ, ತಮ್ಮ ಬ್ಲೂಸ್ (ಆಫ್ರಿಕನ್-ಅಮೆರಿಕನ್ನರ ನೋವು ತುಂಬಿದ ಗಾಯನ ಪ್ರಕಾರ) ಹಾಡೇ ಅವರಿಗೆ ಹಿಡಿಸುತ್ತದೆಂದು ಬೆರ್ರಿ ನಂಬಿದ್ದರು. ಚೆಸ್ ಮೆಚ್ಚಿದ್ದು ಮಾತ್ರ, ‘ಐಡಾ ರೆಡ್’ ಎಂಬ ಹಳೆಯ ಹಳ್ಳಿಗಾಡಿನ ಹಾಡನ್ನು ಆಧರಿಸಿ ಮುಂದೆ ‘ಮೇಬಲೀನ್’ ಎಂದು ಹೆಸರಾದ ರಚನೆಯನ್ನು. ಬ್ಲೂಸ್ ಹಾಡಾದ ‘ವೀ ವೀ ಅವರ್ಸ್’ ಅದೇ ತಟ್ಟೆಯ ಹಿಂಬದಿಗೆ ಸರಿಯಿತು, ಈ ಸಂಕಲನದಲ್ಲಿ ಅದಕ್ಕೆ ಜಾಗವೇ ಸಿಕ್ಕಿಲ್ಲ. ಸ್ಟೀಲ್ ಗಿಟಾರ್‌ನಲ್ಲಿ ನುಡಿಸಿದ ‘ಡೀಪ್ ಫೀಲಿಂಗ್’ ಕೂಡ ಇಲ್ಲ. ‘ಪ್ರಾಮಿಸ್ಡ್ ಲ್ಯಾಂಡ್’, ‘ಯು ನೆವರ್ ಕ್ಯಾನ್ ಟೆಲ್’ನಂಥ ಜನಪ್ರಿಯ ಹಾಡುಗಳನ್ನು ಬಿಟ್ಟದ್ದು ಅಚ್ಚರಿಯೇ ಸರಿ, ಆದರೆ ಅವು ಬೇರೆಡೆ ಹೇಗೂ ಕಿವಿಗೆ ಬೀಳುತ್ತವೆ. ನಿಧಾನಗತಿಯ ಬೆರ್ರಿಯನ್ನು ಕೈಬಿಟ್ಟದ್ದರಿಂದಲೇ ಹೆಚ್ಚಿನ ನಷ್ಟವಾಗಿದೆ. ಅವರು ಒಂದೇ ಬಗೆಯ ಆರಂಭವನ್ನು ಮತ್ತೆ ಮತ್ತೆ ನುಡಿಸಿದವರೆಂಬ ಹಳೆಯ ಆಕ್ಷೇಪಕ್ಕೆ ಸಂಕಲನವೇ ಪುಷ್ಟಿ ಕೊಟ್ಟಂತಾಗಿದೆ.

ಆದ್ದರಿಂದ ಇದನ್ನು ಕೊಳ್ಳುವವರು 1957ರ ‘ಆಫ್ಟರ್ ಸ್ಕೂಲ್ ಸೆಷನ್’ ಆಲ್ಬಂ ಅನ್ನೂ ಜೊತೆಗೆ ತೆಗೆದುಕೊಳ್ಳಲಿ. ಬಿಟ್ಟುಹೋದ ಆ ಎರಡು ಬ್ಲೂಸ್ ರಚನೆಗಳೂ ಅದರಲ್ಲಿ ಸಿಗುತ್ತವೆ.