ಸಿಎಸ್‌ಎಲ್‌ಬಿ ಲೈಸೆನ್ಸ್ ಚೆಕ್: ಬಾಂಡ್ ಇದೆ ಅಂದ ಮಾತ್ರಕ್ಕೆ ಅಡ್ವಾನ್ಸ್ ಕೊಡಬೇಡಿ

ಕ್ಯಾಲಿಫೋರ್ನಿಯಾದ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಬರುವ ಪ್ರಶ್ನೆ: "ಬಾತ್‌ರೂಮ್ ಮಾಡಿಸಬೇಕು, ಒಳ್ಳೆ ಕಾಂಟ್ರಾಕ್ಟರ್ ಯಾರಾದ್ರೂ ಗೊತ್ತಾ?" ತಕ್ಷಣ ನಾಲ್ಕೈದು ಫೋನ್ ನಂಬರ್ ಬರುತ್ತವೆ. ಲೈಸೆನ್ಸ್ ನಂಬರ್ ಮಾತ್ರ ಯಾರೂ ಹಾಕುವುದಿಲ್ಲ. ಅದಕ್ಕೇ ಈ ರಿವ್ಯೂ.

ಸಿಎಸ್‌ಎಲ್‌ಬಿ ಅಂದರೆ ಕಾಂಟ್ರಾಕ್ಟರುಗಳಿಗೆ ಲೈಸೆನ್ಸ್ ಕೊಡುವ ರಾಜ್ಯ ಸರ್ಕಾರದ ಮಂಡಳಿ. ಅದರ ವೆಬ್‌ಸೈಟಿನಲ್ಲಿ ಲೈಸೆನ್ಸ್ ನೋಡುವ ಪುಟ ಇದೆ. ದುಡ್ಡು ಬೇಡ, ಲಾಗಿನ್ ಬೇಡ. ಹೆಸರು ಹಾಕಿಯೂ ಹುಡುಕಬಹುದು, ಆದರೆ ಒಂದೇ ತರಹದ ಹೆಸರುಗಳು ರಾಶಿ ಬರುತ್ತವೆ, ಹಾಗಾಗಿ ನಂಬರ್ ಕೇಳಿ ಇಟ್ಟುಕೊಳ್ಳಿ. ಈ ಪುಟಕ್ಕೆ ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು ಸ್ಟಾರ್.

ನಮ್ಮ ಬಾತ್‌ರೂಮಿಗೆ ಕೊಟೇಶನ್ ಕೊಟ್ಟ ಒಬ್ಬರ ನಂಬರ್ ಹಾಕಿ ನೋಡಿದೆ. ಲೈಸೆನ್ಸ್ ಚಾಲ್ತಿಯಲ್ಲಿದೆ ಅಂತ ಬಂತು. ಸುಮಾರು ಜನ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಸ್ವಲ್ಪ ಕೆಳಗೆ ಹೋದರೆ ಕ್ಲಾಸಿಫಿಕೇಶನ್ ಅಂತ ಇರುತ್ತದೆ, ಅಲ್ಲಿ ಸಿ-33 ಅಂತಿತ್ತು. ಅದು ಪೇಂಟಿಂಗ್ ಲೈಸೆನ್ಸ್! ಕೊಟೇಶನ್‌ನಲ್ಲಿ ಇದ್ದದ್ದು ಶವರ್ ಪೈಪ್ ಜಾಗ ಬದಲಿಸುವುದು, ಟೈಲ್ಸ್, ಎಕ್ಸಾಸ್ಟ್ ಫ್ಯಾನಿಗೆ ವೈರಿಂಗ್. ಪ್ಲಂಬಿಂಗ್‌ಗೆ ಸಿ-36 ಬೇಕು, ಎಲೆಕ್ಟ್ರಿಕಲ್‌ಗೆ ಸಿ-10, ಟೈಲ್ಸ್‌ಗೆ ಸಿ-54. ಎಲ್ಲ ಸೇರಿದ ಇಂಥ ಕೆಲಸಕ್ಕೆ ಸಾಮಾನ್ಯವಾಗಿ ಬಿ (ಒಟ್ಟಾರೆ ಕಟ್ಟಡ ಕೆಲಸ) ಅಥವಾ ಬಿ-2 (ಮನೆ ರಿಮಾಡೆಲಿಂಗ್) ಲೈಸೆನ್ಸ್ ಇರುವವರನ್ನು ಹಿಡಿಯಬೇಕು. ಇನ್ನೂ ಕೆಳಗೆ, ವರ್ಕರ್ಸ್ ಕಾಂಪೆನ್ಸೇಶನ್ (ಕೆಲಸಗಾರರಿಗೆ ಏಟಾದರೆ ಕೊಡುವ ಇನ್ಶೂರೆನ್ಸ್) ಜಾಗದಲ್ಲಿ ವಿನಾಯಿತಿ ಅಂತಿತ್ತು. ಅಂದರೆ "ನನ್ನ ಹತ್ತಿರ ಸಂಬಳಕ್ಕೆ ಯಾರೂ ಇಲ್ಲ" ಅಂತ ಅವರೇ ಸಹಿ ಹಾಕಿ ಕೊಟ್ಟಿದ್ದಾರೆ. ನಮಗೆ ಹೇಳಿದ್ದು ಮಾತ್ರ "ನನ್ನ ಹುಡುಗರು ನಾಲ್ಕು ಜನ ಬರ್ತಾರೆ" ಅಂತ. ಆ ಹುಡುಗರಲ್ಲಿ ಯಾರಿಗಾದರೂ ಕೆಲಸದಲ್ಲಿ ಏಟಾದರೆ ಅವರ ಗತಿ ಏನು? ಮನೆಯವರ ಮೇಲೂ ಬರಬಹುದು. ಕೇಳಿದ್ದಕ್ಕೆ, ಎಲ್ಲರೂ ಹೀಗೇ ಮಾಡೋದು ಅಂದರು. ಬೇಡ ಅಂತ ಹೇಳಿ ಕಳಿಸಿದೆವು.

ಈಗ ಬಾಂಡ್ ವಿಷಯ. ಜನ ಜಾಸ್ತಿ ತಪ್ಪು ತಿಳಿಯುವುದು ಇದನ್ನೇ. "ಲೈಸೆನ್ಸ್ಡ್ ಅಂಡ್ ಬಾಂಡೆಡ್" ಅಂತ ವ್ಯಾನ್ ಮೇಲೆ ದೊಡ್ಡದಾಗಿ ಬರೆದಿದ್ದರೆ ನಮ್ಮ ಮನೆಗೇ ಇನ್ಶೂರೆನ್ಸ್ ಮಾಡಿಸಿದ ಹಾಗೆ ಅಂದುಕೊಳ್ಳುತ್ತೇವೆ. ಹಾಗಲ್ಲ. ಲೈಸೆನ್ಸ್ ಚಾಲ್ತಿಯಲ್ಲಿರಬೇಕಾದರೆ ಪ್ರತಿ ಕಾಂಟ್ರಾಕ್ಟರ್ 25,000 ಡಾಲರಿನ ಶ್ಯೂರಿಟಿ ಬಾಂಡ್, ಅಂದರೆ ಬಾಂಡ್ ಕಂಪನಿಯೊಂದರ ಜಾಮೀನು, ಇಡಬೇಕು. 2023ಕ್ಕೆ ಮುಂಚೆ ಅದು 15,000 ಇತ್ತು. ಈ 25,000 ನಿಮ್ಮೊಬ್ಬರಿಗೆ ಅಲ್ಲ. ಅವರು ಕೆಲಸ ಕೆಡಿಸಿದ ಎಲ್ಲ ಮನೆಯವರೂ, ಸಂಬಳ ಸಿಗದ ಅವರ ಕೆಲಸಗಾರರೂ ಅದೇ ಮೊತ್ತಕ್ಕೆ ಕೈ ಚಾಚಬಹುದು. ಮೂರು ಅಡುಗೆಮನೆ ಅರ್ಧಕ್ಕೆ ಬಿಟ್ಟು ಓಡಿಹೋದವರ ಬಾಂಡ್‌ನಲ್ಲಿ ನಿಮ್ಮ ಪಾಲಿಗೆ ಎಷ್ಟು ಉಳಿದೀತು ಯೋಚಿಸಿ. ಕ್ಲೇಮ್ ಹಾಕಿದರೆ ಬಾಂಡ್ ಕಂಪನಿ ಸುಮ್ನೆ ಚೆಕ್ ಬರೆದುಕೊಡುವುದಿಲ್ಲ, ಮೊದಲು ವಿಚಾರಣೆ ಮಾಡುತ್ತದೆ, ಕೊಟ್ಟರೆ ಆಮೇಲೆ ಕಾಂಟ್ರಾಕ್ಟರ್‌ನಿಂದ ವಸೂಲಿ ಮಾಡುತ್ತದೆ. ಇಲ್ಲಿ ಮನೆ ಕೆಲಸದ ರೇಟು ನೋಡಿದವರಿಗೆ 25,000 ಎಷ್ಟು ಕಮ್ಮಿ ಅಂತ ಬೇರೆ ಹೇಳಬೇಕಾಗಿಲ್ಲ, ಇದನ್ನು ಇನ್ನೂ ಏರಿಸಬೇಕು ಅಂತಲೇ ನನ್ನ ಅಭಿಪ್ರಾಯ.

ನಿಜವಾಗಿ ನಮ್ಮ ದುಡ್ಡು ಕಾಯುವುದು ಅಡ್ವಾನ್ಸ್‌ನ ನಿಯಮ. ಮನೆ ರಿಪೇರಿ ಕೆಲಸಕ್ಕೆ ಒಟ್ಟು ಮೊತ್ತದ 10% ಅಥವಾ 1,000 ಡಾಲರ್, ಇವೆರಡರಲ್ಲಿ ಯಾವುದು ಕಮ್ಮಿಯೋ ಅದಕ್ಕಿಂತ ಜಾಸ್ತಿ ಮುಂಗಡ ಕೇಳುವ ಹಾಗಿಲ್ಲ. 40,000 ಡಾಲರಿನ ಅಡುಗೆಮನೆಗೂ ಅಷ್ಟೇ, ಸಾವಿರವೇ. ಇದಕ್ಕಾಗಿ ಬೇರೆ ಬಾಂಡ್ ಇಟ್ಟ ಕೆಲವರಿಗೆ ಮಾತ್ರ ವಿನಾಯಿತಿ ಇದೆ, ಅದೂ ಈ ಪುಟದಲ್ಲೇ ಕಾಣುತ್ತದೆ. "ಸಾಮಾನು ತರಬೇಕು, ಅರ್ಧ ಕೊಡಿ" ಅಂದವರಿಗೆ ಧೈರ್ಯವಾಗಿ ಆಗಲ್ಲ ಅನ್ನಿ. ಆಮೇಲಿನ ಕಂತುಗಳೂ ಆದ ಕೆಲಸಕ್ಕೆ, ಬಂದ ಸಾಮಾನಿಗೆ ಮಾತ್ರ.

ಚಿಕ್ಕಪುಟ್ಟ ಕೆಲಸಕ್ಕೆ ಲೈಸೆನ್ಸ್ ಬೇಡ. ಮೊದಲು 500 ಡಾಲರಿನ ಒಳಗೆ ಅಂತಿತ್ತು, 2025ರ ಜನವರಿಯಿಂದ 1,000 ಡಾಲರಿನ ಒಳಗೆ, ಅದೂ ಪರ್ಮಿಟ್ ಬೇಕಾಗದ ಕೆಲಸ ಆಗಿರಬೇಕು, ಕೆಲಸಕ್ಕೆ ಬೇರೆಯವರನ್ನು ಇಟ್ಟುಕೊಳ್ಳಬಾರದು.

ಒಂದು ಸ್ಟಾರ್ ಯಾಕೆ ಕಮ್ಮಿ ಅಂದರೆ, ಬಂದ ದೂರುಗಳೆಲ್ಲ ಈ ಪುಟದಲ್ಲಿ ಕಾಣುವುದಿಲ್ಲ. ವಿಚಾರಣೆ ಒಂದು ಹಂತ ದಾಟಿದ ಮೇಲೆ ಮಾತ್ರ ತೋರಿಸುತ್ತಾರೆ. ಪುಟ ಕ್ಲೀನ್ ಇದೆ ಅಂದರೆ ಯಾರೂ ದೂರು ಕೊಟ್ಟಿಲ್ಲ ಅಂತಲ್ಲ. ಇನ್ನೊಂದು, ಲಯಬಿಲಿಟಿ ಇನ್ಶೂರೆನ್ಸ್, ಅಂದರೆ ಕೆಲಸದಿಂದ ಬೇರೆಯವರಿಗೋ ಅವರ ಆಸ್ತಿಗೋ ಹಾನಿಯಾದರೆ ಕೊಡುವ ಇನ್ಶೂರೆನ್ಸ್. ಎಲ್‌ಎಲ್‌ಸಿ (ಸೀಮಿತ ಹೊಣೆಯ) ಕಂಪನಿಗಳಿಗೆ ಅದು ಕಡ್ಡಾಯ, ಉಳಿದವರಿಗೆ ಅಲ್ಲ. ಆ ಸರ್ಟಿಫಿಕೇಟ್ ನೀವೇ ಕೇಳಿ ಪಡೆಯಬೇಕು.

ಸಹಿ ಹಾಕುವ ದಿನ ಇನ್ನೊಮ್ಮೆ ಪುಟ ತೆರೆದು ನೋಡಿ, ಬಾಂಡ್ ಕಂಪನಿ ಹೆಸರು, ಬಾಂಡ್ ನಂಬರ್ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಕಾಂಟ್ರಾಕ್ಟರ್ ಮುಂದೆ ಬಾಂಡ್ ಕಂಪನಿ ಬದಲಿಸಬಹುದು, ಕ್ಲೇಮ್ ಹಾಕಬೇಕಾದ್ದು ತಪ್ಪು ನಡೆದಾಗ ಇದ್ದ ಬಾಂಡ್ ಮೇಲೆ.