ಹಳೆಯ ಬೋರ್ಡಿಗೆ ಹೊಸ ಪ್ರೊಸೆಸರ್: ರೈಜೆನ್ 5 5600 ಬಳಸಿ ನೋಡಿದ ಮೇಲೆ

2017-18ರ ಸುಮಾರಿಗೆ ಮನೆಗೆ ಡೆಸ್ಕ್‌ಟಾಪ್ ಜೋಡಿಸಿಕೊಂಡವರಲ್ಲಿ ಅನೇಕರ ಬಳಿ ಇಂದಿಗೂ ಎಎಂಡಿಯ ಬಿ350 ಅಥವಾ ಬಿ450 ಚಿಪ್‌ಸೆಟ್ ಇರುವ ಮದರ್‌ಬೋರ್ಡು, ಅದರ ಮೇಲೆ ಮೊದಲ ತಲೆಮಾರಿನ ರೈಜೆನ್ ಪ್ರೊಸೆಸರ್ ಇವೆ. ಈ ಗಣಕಗಳು ಕೆಟ್ಟಿಲ್ಲ, ಆದರೆ ಬಳಸುವವರಿಗೆ ಬೇಸರ ಬರುವಷ್ಟು ನಿಧಾನವಾಗಿವೆ. ಇಂಥ ಗಣಕದಲ್ಲಿ ಪ್ರೊಸೆಸರ್ ಒಂದನ್ನೇ ಬದಲಿಸಿ ಇನ್ನೂ ನಾಲ್ಕೈದು ವರ್ಷ ನೆಮ್ಮದಿಯಾಗಿ ಕೆಲಸ ಮಾಡಬಹುದೇ ಎಂದು ಕೇಳಿದರೆ, ರೈಜೆನ್ 5 5600 ಹಾಕಿಕೊಂಡು ಕೆಲವು ತಿಂಗಳು ಬಳಸಿದ ಮೇಲೆ ನನ್ನ ಉತ್ತರ ಹೌದು ಎಂಬುದೇ. ಆದರೆ ಈ ಉತ್ತರಕ್ಕೆ ಒಂದೆರಡು ಷರತ್ತುಗಳಿವೆ. ಅವುಗಳನ್ನು ಅಂಗಡಿಯವರು ತಾವಾಗಿ ಹೇಳುವುದು ಕಡಿಮೆ.

ನನ್ನ ಗಣಕದಲ್ಲಿ ಇದ್ದದ್ದು ಬಿ450 ಬೋರ್ಡು, ರೈಜೆನ್ 5 1600, 3000 ವೇಗದ 16 ಜಿಬಿ ಡಿಡಿಆರ್4 ರ‍್ಯಾಮ್, ಜಿಟಿಎಕ್ಸ್ 1050 ಟಿಐ ಗ್ರಾಫಿಕ್ಸ್ ಕಾರ್ಡು ಮತ್ತು ಒಂದು ಸಾಟಾ ಎಸ್‌ಎಸ್‌ಡಿ. ಕೆಲಸವೆಂದರೆ ಕನ್ನಡ ಪಠ್ಯದ ಸಂಪಾದನೆ, ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕಗಳ ಪುಟಗಳಿಂದ ಟೆಸರಾಕ್ಟ್ ತಂತ್ರಾಂಶದ ಮೂಲಕ ಅಕ್ಷರಗಳನ್ನು ಹೊರತೆಗೆಯುವುದು, ಮನೆಯ ಫೋಟೋ-ವಿಡಿಯೋಗಳ ನಿರ್ವಹಣೆ, ಮಕ್ಕಳ ಆನ್‌ಲೈನ್ ತರಗತಿ. ಆಟಗಳಿಗಾಗಿ ಗಣಕ ಕೊಳ್ಳುವವರ ವಿಮರ್ಶೆಗಳು ಬೇಕಾದಷ್ಟು ಇರುವುದರಿಂದ ಆ ಕಡೆಗೆ ನಾನು ಹೆಚ್ಚು ಹೋಗುವುದಿಲ್ಲ.

ಈ ಬದಲಾವಣೆ ಸಾಧ್ಯವಾದದ್ದಕ್ಕೆ ಎಎಂ4 ಎಂಬ ಸಾಕೆಟ್ಟಿನ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗದ) ದೀರ್ಘಾಯುಷ್ಯವೇ ಕಾರಣ. 2017ರ ಮಾರ್ಚಿನಲ್ಲಿ ಮೊದಲ ರೈಜೆನ್‌ಗಳ ಜೊತೆ ಚಿಲ್ಲರೆ ಮಾರುಕಟ್ಟೆಗೆ ಬಂದ ಈ ಸಾಕೆಟ್ಟಿಗೆ 2022ರ ಏಪ್ರಿಲಿನಲ್ಲಿ 5600 ಬಂತು, 2024ರ ಜನವರಿಯಲ್ಲಿ 5700ಎಕ್ಸ್3ಡಿ ಕೂಡ ಬಂತು. ಹೆಚ್ಚು ಕಡಿಮೆ ಅದೇ ಅವಧಿಯಲ್ಲಿ ಇಂಟೆಲ್‌ನ ಬಳಕೆದಾರರು ಎಲ್‌ಜಿಎ 1151 ಎಂಬ ಸಾಕೆಟ್ಟಿನಿಂದ 1200ಕ್ಕೆ, ಅಲ್ಲಿಂದ 1700ಕ್ಕೆ, ಮತ್ತೆ 1851ಕ್ಕೆ ಸಾಗಬೇಕಾಯಿತು; ಪ್ರತಿ ಸಲವೂ ಪ್ರೊಸೆಸರಿನ ಜೊತೆ ಬೋರ್ಡಿಗೂ ಹಣ ಕೊಡಬೇಕಾಯಿತು. ಎಎಂಡಿಯೂ ಈ ಔದಾರ್ಯವನ್ನು ತಾನಾಗಿ ತೋರಲಿಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು. 5600 ಸೇರಿರುವ 5000 ಸರಣಿಗೆ ಹಳೆಯ ಬೋರ್ಡುಗಳಲ್ಲಿ ಜಾಗವಿಲ್ಲ ಎಂದು 2020ರಲ್ಲಿ ಹೇಳಿದ್ದ ಸಂಸ್ಥೆ, ಗ್ರಾಹಕರು ದೊಡ್ಡ ದನಿಯಲ್ಲಿ ಆಕ್ಷೇಪಿಸಿದ ಮೇಲೆ ಬಿ450ಯಂಥ 400 ಸರಣಿಯ ಬೋರ್ಡುಗಳಿಗೆ ದಾರಿ ಬಿಟ್ಟಿತು. ಬಿ350ಯಂಥ 300 ಸರಣಿಗೆ ಅಧಿಕೃತ ಅನುಮತಿ ಸಿಗಲು 2022ರವರೆಗೆ ಕಾಯಬೇಕಾಯಿತು.

ಈಗಲೇ ಏಕೆ ಬದಲಿಸಬೇಕು ಎಂಬುದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು ವಿಂಡೋಸ್. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು; ಮನೆ ಬಳಕೆದಾರರಿಗೆ ನೀಡಿದ ಹೆಚ್ಚುವರಿ ಭದ್ರತಾ ಪರಿಷ್ಕರಣೆಯ ಅವಧಿಯನ್ನೂ ಒಂದು ವರ್ಷಕ್ಕೆ ಮಾತ್ರ ಘೋಷಿಸಲಾಯಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ, ಗುಪ್ತ ಕೀಲಿಗಳನ್ನು ಕಾಯುವ ಭದ್ರತಾ ಸೌಲಭ್ಯ 1600ರಲ್ಲಿ ಇದೆ, ಬಯೋಸ್‌ನಲ್ಲಿ (ಗಣಕ ಚಾಲೂ ಆಗುವಾಗ ಮೊದಲು ಓಡುವ, ಬೋರ್ಡಿನೊಳಗಿನ ತಂತ್ರಾಂಶದಲ್ಲಿ) ಅದನ್ನು ಚಾಲನೆಗೊಳಿಸಲೂಬಹುದು. ಆದರೂ ಮೈಕ್ರೋಸಾಫ್ಟಿನ ಮಾನ್ಯ ಪ್ರೊಸೆಸರ್‌ಗಳ ಪಟ್ಟಿಯಲ್ಲಿ ಅದರ ಹೆಸರಿಲ್ಲ. ಆರು ಕೋರ್ (ಲೆಕ್ಕ ಮಾಡುವ ಘಟಕ), ಹನ್ನೆರಡು ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಎಳೆ) ಇರುವ ಪ್ರೊಸೆಸರನ್ನು ಪಟ್ಟಿಯಿಂದ ಹೊರಗಿಟ್ಟು, ಅದಕ್ಕಿಂತ ದುರ್ಬಲವಾದ ಎಷ್ಟೋ ಲ್ಯಾಪ್‌ಟಾಪ್ ಚಿಪ್‌ಗಳನ್ನು ಒಳಗೆ ಬಿಟ್ಟಿರುವುದು ನನಗೆ ನ್ಯಾಯವೆಂದು ತೋರುವುದಿಲ್ಲ. ಆದರೆ ಬ್ಯಾಂಕಿನ ವ್ಯವಹಾರ ನಡೆಯುವ ಗಣಕವನ್ನು ಭದ್ರತಾ ಪರಿಷ್ಕರಣೆಯಿಲ್ಲದೆ ಇಟ್ಟುಕೊಳ್ಳುವಂತೆಯೂ ಇಲ್ಲ.

ಎರಡನೆಯ ಕಾರಣ ರ‍್ಯಾಮ್ ಬೆಲೆ. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳತೊಡಗಿದ್ದರಿಂದ ಡಿಡಿಆರ್5 ಬೆಲೆ ಗಗನಕ್ಕೇರಿತು, ಡಿಡಿಆರ್4 ಕೂಡ ಅದರ ಬೆನ್ನು ಹತ್ತಿತು. ಮೈಕ್ರಾನ್ ಸಂಸ್ಥೆ ತನ್ನ ಕ್ರೂಶಿಯಲ್ ಹೆಸರಿನ ಗ್ರಾಹಕ ಉತ್ಪನ್ನಗಳ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಅದೇ ವರ್ಷದ ಡಿಸೆಂಬರಿನಲ್ಲಿ ಪ್ರಕಟಿಸಿತು. ಎಎಂ4ರ ನಂತರದ ಎಎಂ5 ಸಾಕೆಟ್ಟಿನ ಹೊಸ ಗಣಕ ಕಟ್ಟುವವರು ಡಿಡಿಆರ್5 ರ‍್ಯಾಮನ್ನೇ ಕೊಳ್ಳಬೇಕು, ಬೇರೆ ದಾರಿಯಿಲ್ಲ. ಅಂದರೆ ಪ್ರೊಸೆಸರ್, ಬೋರ್ಡು, ರ‍್ಯಾಮ್ ಮೂರಕ್ಕೂ ಒಟ್ಟಿಗೆ ದುಡ್ಡು ಸುರಿಯಬೇಕು. ಈಗಾಗಲೇ 16 ಜಿಬಿ ಡಿಡಿಆರ್4 ಇರುವವರ ಕೈಯಲ್ಲಿ ತಮಗೆ ಅರಿವಿಲ್ಲದೆಯೇ ಒಂದು ಆಸ್ತಿ ಇದೆ, ಅದನ್ನು ಬಿಟ್ಟುಕೊಡದ ಬದಲಾವಣೆಯೇ ಈ ಹೊತ್ತಿಗೆ ಜಾಣತನದ್ದು ಎಂಬುದು ನನ್ನ ತೀರ್ಮಾನ.

ಕೊಳ್ಳಲು ನಾನು ಹೋದದ್ದು ಬೆಂಗಳೂರಿನ ಎಸ್.ಪಿ. ರಸ್ತೆಗೆ. ಆನ್‌ಲೈನ್ ಬೆಲೆಗೂ ಅಲ್ಲಿನ ಬೆಲೆಗೂ ಈಗ ಅಂಥ ದೊಡ್ಡ ಅಂತರ ಉಳಿದಿಲ್ಲವಾದರೂ, ವಸ್ತುವನ್ನು ಕಣ್ಣಾರೆ ನೋಡಿ, ಡಬ್ಬಿಯ ಮುದ್ರೆ ಒಡೆದಿಲ್ಲವೆಂದು ಖಾತ್ರಿ ಮಾಡಿಕೊಂಡು ತರುವ ಅನುಕೂಲ ಅಲ್ಲಿದೆ. ಬೆಲೆ ಕೇಳುವ ಮುನ್ನ ಬಾಕ್ಸ್ ಪೀಸೋ (ಕಂಪನಿಯ ಡಬ್ಬಿಯಲ್ಲಿ ಬಂದದ್ದೋ) ಟ್ರೇ ಪೀಸೋ (ಡಬ್ಬಿಯಿಲ್ಲದ ಬಿಡಿಯೋ) ಎಂದು ಕೇಳಬೇಕು. ಬಾಕ್ಸ್ ಪೀಸಿಗೆ ಎಎಂಡಿಯ ಮೂರು ವರ್ಷದ ವಾರಂಟಿ ಇರುತ್ತದೆ, ಜೊತೆಗೆ ರೈತ್ ಸ್ಟೆಲ್ತ್ ಕೂಲರ್ ಬರುತ್ತದೆ. ಟ್ರೇ ಪೀಸಿಗೆ ಕೂಲರ್ ಇಲ್ಲ, ವಾರಂಟಿಯೂ ಮಾರಿದವರು ಹೇಳಿದಷ್ಟೇ. ಕೆಲವು ನೂರು ರೂಪಾಯಿಯ ಆಸೆಗೆ ಜಿಎಸ್‌ಟಿ ಬಿಲ್ಲು ಬೇಡವೆನ್ನುವುದು ಈ ಮಾರುಕಟ್ಟೆಯ ಹಳೆಯ ಚಾಳಿ. ಕ್ರಮಸಂಖ್ಯೆ ನಮೂದಿಸಿದ ಬಿಲ್ಲು ಇಲ್ಲದಿದ್ದರೆ ವಾರಂಟಿ ಕೇಳಲು ಹೋದಾಗ ಮಾತಿಗೆ ಆಧಾರವೇ ಇರುವುದಿಲ್ಲ.

ಪ್ರೊಸೆಸರ್ ಬದಲಿಸುವ ಕೆಲಸ ಕಷ್ಟದ್ದಲ್ಲ, ಆದರೆ ಕ್ರಮ ತಪ್ಪಬಾರದು. ಹಳೆಯ ಪ್ರೊಸೆಸರ್ ಬೋರ್ಡಿನಲ್ಲಿ ಇರುವಾಗಲೇ ಬಯೋಸ್ ಪರಿಷ್ಕರಿಸಬೇಕು. ಹೊಸದನ್ನು ಕೂರಿಸಿದ ಮೇಲೆ ಮಾಡೋಣವೆಂದರೆ ಹಳೆಯ ಬಯೋಸ್‌ಗೆ ಅದರ ಗುರುತೇ ಸಿಗದೆ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಬೋರ್ಡು ತಯಾರಕರ ಜಾಲತಾಣದಲ್ಲಿ ನಿಮ್ಮ ಬೋರ್ಡಿನ ಮಾದರಿ ಸಂಖ್ಯೆಯನ್ನು ಅಕ್ಷರ ಅಕ್ಷರವಾಗಿ ಹೋಲಿಸಿ, ಪ್ರೊಸೆಸರ್‌ಗಳ ಪಟ್ಟಿಯಲ್ಲಿ 5600 ಎದುರು ಯಾವ ಬಯೋಸ್ ಆವೃತ್ತಿ ಬರೆದಿದೆ ಎಂದು ನೋಡಿಕೊಂಡು, ಆ ಕಡತವನ್ನು ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವಿಗೆ ಇಳಿಸಿಕೊಳ್ಳಬೇಕು. ಹಳೆಯ ಬೋರ್ಡುಗಳಲ್ಲಿ ಹಂತ ಹಂತವಾಗಿ ಒಂದೆರಡು ಆವೃತ್ತಿಗಳನ್ನು ದಾಟಿ ಹೋಗಬೇಕಾಗಬಹುದು. ಆ ಸೂಚನೆಯೂ ಅದೇ ಪುಟದಲ್ಲಿ ಇರುತ್ತದೆ. ಪರಿಷ್ಕರಣೆಯ ನಡುವೆ ಕರೆಂಟು ಹೋದರೆ ಬೋರ್ಡು ನಿರ್ಜೀವವಾಗುವ ಅಪಾಯ ನಿಜವಾದದ್ದು, ಆದ್ದರಿಂದ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರದು. ವಿಂಡೋಸ್‌ನಲ್ಲಿ ಡ್ರೈವಿನ ಮಾಹಿತಿಗೆ ಬೀಗ ಹಾಕುವ ಬಿಟ್‌ಲಾಕರ್ ಚಾಲ್ತಿಯಲ್ಲಿದ್ದರೆ ಅದನ್ನು ಮೊದಲೇ ತಡೆಹಿಡಿದು, ಮರುಪಡೆಯುವ ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ಪ್ರೊಸೆಸರ್ ಬದಲಾದಾಗ ಅದರೊಳಗಿನ ಟಿಪಿಎಂ ಕೂಡ ಬದಲಾಗುತ್ತದೆ. ಮೊದಲ ಸಲ ಗಣಕ ಚಾಲೂ ಮಾಡಿದಾಗ ಹೊಸ ಪ್ರೊಸೆಸರ್ ಬಂದಿದೆ, ಎಫ್‌ಟಿಪಿಎಂ (ಪ್ರೊಸೆಸರಿನೊಳಗಿನ ಟಿಪಿಎಂ) ಮರುಹೊಂದಿಸಲೇ ಎಂದು ಪರದೆ ಕೇಳುವುದು ಇದೇ ಕಾರಣಕ್ಕೆ.

ಕೂಲರ್ ಕಳಚುವ ಹಂತದಲ್ಲಿ ಅವಸರ ಸಲ್ಲ. ಎಎಂ4 ಪ್ರೊಸೆಸರಿನ 1331 ಪಿನ್ನುಗಳು ಪ್ರೊಸೆಸರಿನಲ್ಲೇ ಇವೆ, ಸಾಕೆಟ್ಟಿನಲ್ಲಲ್ಲ. ವರ್ಷಗಳಿಂದ ಒಣಗಿದ ಥರ್ಮಲ್ ಪೇಸ್ಟು (ಪ್ರೊಸೆಸರಿನ ಶಾಖವನ್ನು ಕೂಲರಿಗೆ ದಾಟಿಸುವ ಲೇಪ) ಪ್ರೊಸೆಸರನ್ನು ಕೂಲರಿಗೆ ಅಂಟಿಸಿಬಿಟ್ಟಿರುತ್ತದೆ. ನೇರ ಮೇಲಕ್ಕೆ ಎಳೆದರೆ ಲಿವರ್ ಹಾಕಿದ್ದಾಗಲೂ ಪ್ರೊಸೆಸರ್ ಸಾಕೆಟ್ಟಿನಿಂದ ಕಿತ್ತು ಬರುತ್ತದೆ, ಪಿನ್ನು ಬಾಗುತ್ತದೆ. ಗಣಕವನ್ನು ಸ್ವಲ್ಪ ಹೊತ್ತು ಕೆಲಸ ಮಾಡಿಸಿ ಬಿಸಿಯಾದ ಮೇಲೆ ಆರಿಸಿ, ಸ್ಕ್ರೂಗಳನ್ನು ತೆಗೆದು, ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಗಿಸಿ ಸಡಿಲಿಸಿದರೆ ಅದು ತಾನಾಗಿ ಬಿಟ್ಟುಕೊಳ್ಳುತ್ತದೆ.

ಇನ್ನೊಂದು ವಿಚಾರವನ್ನು ಹೆಚ್ಚಿನವರು ಗಮನಿಸುವುದಿಲ್ಲ. 1600ರ ಜೊತೆ ಬಂದಿದ್ದ ರೈತ್ ಸ್ಪೈರ್ ಕೂಲರ್, 5600ರ ಜೊತೆ ಬರುವ ಸ್ಟೆಲ್ತ್‌ಗಿಂತ ಎತ್ತರವಾದದ್ದು, ಹೆಚ್ಚು ಶಾಖ ಹೊರಹಾಕಬಲ್ಲದ್ದು. ಎರಡೂ ಅದೇ ಸಾಕೆಟ್ಟಿಗೆ ಹೊಂದುತ್ತವೆ, ಎರಡೂ ಪ್ರೊಸೆಸರ್‌ಗಳ ನಿಗದಿತ ಶಾಖಮಿತಿಯೂ 65 ವ್ಯಾಟ್‌ಗಳೇ. ಹಾಗಾಗಿ ನಾನು ಹೊಸ ಕೂಲರನ್ನು ಡಬ್ಬಿಯಲ್ಲೇ ಬಿಟ್ಟು, ಹಳೆಯದರ ಧೂಳು ತೆಗೆದು, ಹೊಸ ಪೇಸ್ಟು ಹಚ್ಚಿ ಅದನ್ನೇ ಮರಳಿ ಕೂರಿಸಿದೆ; ಸದ್ದು ಮೊದಲಿನಷ್ಟೇ ಇದೆ. 5600ರ ಗರಿಷ್ಠ ತಾಪಮಿತಿ 90 ಡಿಗ್ರಿ. ಬೆಂಗಳೂರಿನ ಹವೆಯಲ್ಲಿ ಇದು ತೊಂದರೆಯ ಮಾತಲ್ಲ, ಆದರೆ ರಾಯಚೂರು ಅಥವಾ ಕಲಬುರಗಿಯ ಏಪ್ರಿಲ್ ತಿಂಗಳಿನಲ್ಲಿ ಬರಿಯ ಸ್ಟೆಲ್ತ್ ಕೂಲರನ್ನು ನಂಬಿ ಗಂಟೆಗಟ್ಟಲೆ ವಿಡಿಯೋ ಎನ್‌ಕೋಡ್ ಮಾಡುವವರು ಬೇರೆ ಕೂಲರಿಗೆ ಸ್ವಲ್ಪ ಹಣ ತೆಗೆದಿಡುವುದು ಒಳ್ಳೆಯದು.

ಕಾಗದದ ಮೇಲೆ ನೋಡಿದರೆ ಕೋರ್‌ಗಳ ಸಂಖ್ಯೆ ಎರಡರಲ್ಲೂ ಒಂದೇ: ಆರು ಕೋರ್, ಹನ್ನೆರಡು ಥ್ರೆಡ್. ಇಷ್ಟಕ್ಕೆ ಯಾಕೆ ಹಣ ಹಾಕಬೇಕು ಎಂದು ಯಾರಿಗಾದರೂ ಅನ್ನಿಸಬಹುದು. ವ್ಯತ್ಯಾಸ ಒಳಗಿದೆ. 1600 ತಯಾರಾದದ್ದು 14 ನ್ಯಾನೋಮೀಟರ್ ತಂತ್ರದಲ್ಲಿ, 5600 ತಯಾರಾದದ್ದು 7 ನ್ಯಾನೋಮೀಟರಿನಲ್ಲಿ. ಗರಿಷ್ಠ ವೇಗ 3.6ರಿಂದ 4.4 ಗಿಗಾಹರ್ಟ್ಸ್‌ಗೆ ಏರಿದೆ. ಎಲ್3 ಕ್ಯಾಷ್ (ಪ್ರೊಸೆಸರಿನೊಳಗಿನ ಅತಿವೇಗದ ಮೆಮೊರಿ) 16 ಎಂಬಿಯಿಂದ 32 ಎಂಬಿಗೆ ದ್ವಿಗುಣವಾಗಿದೆ. ಅದಕ್ಕಿಂತ ಮುಖ್ಯವಾಗಿ, 1600ರಲ್ಲಿ ಕೋರ್‌ಗಳು ಮೂರು ಮೂರರಂತೆ ಎರಡು ಗುಂಪುಗಳಾಗಿದ್ದು, ಒಂದು ಗುಂಪಿನ ಕೋರ್‌ಗೆ ಇನ್ನೊಂದು ಗುಂಪಿನ ಕ್ಯಾಷ್ ತಲುಪುವುದು ನಿಧಾನವಾಗಿತ್ತು. 5600ರಲ್ಲಿ ಆರೂ ಕೋರ್‌ಗಳು ಇಡೀ 32 ಎಂಬಿಯನ್ನು ಹಂಚಿಕೊಂಡು ಬಳಸುತ್ತವೆ.

ದಿನದ ಕೆಲಸದಲ್ಲಿ ಇದು ಹೇಗೆ ಕಾಣುತ್ತದೆ ಎಂಬುದಕ್ಕೆ ಟೆಸರಾಕ್ಟ್ ಒಳ್ಳೆಯ ಪರೀಕ್ಷೆ. ಕನ್ನಡದ ಪುಟವೊಂದರಲ್ಲಿ ಒತ್ತಕ್ಷರ, ಗುಣಿತಾಕ್ಷರಗಳನ್ನು ಬಿಡಿಸಿ ಗುರುತಿಸುವುದು ಪೂರ್ತಿಯಾಗಿ ಪ್ರೊಸೆಸರಿನ ಮೇಲೆ ಬೀಳುವ ಕೆಲಸ. ಮೊದಲು ಒಂದು ಪುಸ್ತಕಕ್ಕೆ ಹಿಡಿಯುತ್ತಿದ್ದ ಹೊತ್ತಿನ ಮೂರರಲ್ಲಿ ಎರಡು ಪಾಲಿಗಿಂತ ಕಡಿಮೆಯಲ್ಲಿ ಈಗ ಅದೇ ಪುಸ್ತಕ ಮುಗಿಯುತ್ತದೆ. (ಹೊರಬಂದ ಪಠ್ಯದಲ್ಲಿ ಮಹಾಪ್ರಾಣಗಳ ತಪ್ಪು ತಿದ್ದುವ ಹೊತ್ತು ಮಾತ್ರ ಒಂದು ನಿಮಿಷವೂ ಕಡಿಮೆಯಾಗಿಲ್ಲ.) ಬ್ರೌಸರಿನಲ್ಲಿ ಹತ್ತಾರು ಪುಟಗಳು ತೆರೆದಿರುವಾಗ ವಿಡಿಯೋ ಕರೆ ಬಂದರೆ ಹಿಂದೆ ಆಗುತ್ತಿದ್ದ ತಡವರಿಕೆ ಈಗ ಇಲ್ಲ. 1600ರಲ್ಲಿ 2666ರ ಆಚೆಗೆ ಸ್ಥಿರವಾಗಿ ಓಡಲು ಒಪ್ಪದಿದ್ದ ರ‍್ಯಾಮ್, ಅದೇ ಬೋರ್ಡಿನಲ್ಲಿ ಈಗ ತನ್ನ ಪೂರ್ಣ 3000 ವೇಗದಲ್ಲಿ ಓಡುತ್ತಿದೆ. ವಿಂಡೋಸ್ 11 ಯಾವ ತಕರಾರೂ ಇಲ್ಲದೆ, ಕಡತಗಳನ್ನು ಅಳಿಸದೆ ಬಂದು ಕೂತಿತು.

ಬದಲಾಗದ ಸಂಗತಿಗಳೂ ಇವೆ. ಗಣಕ ಚಾಲೂ ಆಗುವ ಸಮಯದಲ್ಲಿ ವ್ಯತ್ಯಾಸ ಅತ್ಯಲ್ಪ, ಏಕೆಂದರೆ ಅದು ಎಸ್‌ಎಸ್‌ಡಿಗೆ ಸೇರಿದ ವಿಷಯ; ಇನ್ನೂ ಹಾರ್ಡ್ ಡಿಸ್ಕಿನಿಂದಲೇ ವಿಂಡೋಸ್ ನಡೆಸುತ್ತಿರುವವರು ಪ್ರೊಸೆಸರಿಗೆ ಹೋಗುವ ಮುನ್ನ ಎಸ್‌ಎಸ್‌ಡಿ ಹಾಕಿಸಿಕೊಳ್ಳಬೇಕು. ಬಿ450 ಬೋರ್ಡಿನಲ್ಲಿ ಪಿಸಿಐಇ (ಡ್ರೈವು, ಕಾರ್ಡುಗಳು ಬೋರ್ಡಿಗೆ ಸೇರುವ ದಾರಿ) 3.0 ಮಾತ್ರ ಇರುವುದರಿಂದ ದುಬಾರಿ ಪಿಸಿಐಇ 4.0 ಎನ್‌ವಿಎಂಇ ಡ್ರೈವ್ ಕೊಂಡರೂ ಅದು ಸೆಕೆಂಡಿಗೆ ಸುಮಾರು 3,500 ಎಂಬಿ ವೇಗಕ್ಕೆ ನಿಂತುಬಿಡುತ್ತದೆ. 1050 ಟಿಐ ಹಳೆಯದೇ ಆದ್ದರಿಂದ ಆಟಗಳಲ್ಲಿ ಮಕ್ಕಳು ನಿರೀಕ್ಷಿಸಿದ್ದ ಪವಾಡ ನಡೆಯಲಿಲ್ಲ. ಆ ಸರಣಿಗೆ ಎನ್‌ವಿಡಿಯಾ ಹೊಸ ಆಟಗಳ ಡ್ರೈವರ್ ಕೊಡುವುದನ್ನು 2025ರ ಅಕ್ಟೋಬರಿಗೆ ನಿಲ್ಲಿಸಿ, ಭದ್ರತಾ ಪರಿಷ್ಕರಣೆಯನ್ನು ಮಾತ್ರ ಮುಂದುವರಿಸಿದೆ.

ಹೊಸ ಬೋರ್ಡು, ರ‍್ಯಾಮುಗಳಿಗೆ ಹೋಗದೆ ಉಳಿದ ಹಣದಲ್ಲಿ ಒಂದು ಪಾಲನ್ನು ಮಾನಿಟರಿಗೆ ಹಾಕಿದ್ದು ಇಡೀ ವ್ಯವಸ್ಥೆಯಲ್ಲಿ ಕಣ್ಣಿಗೆ ನೇರವಾಗಿ ಕಂಡ ಬದಲಾವಣೆ. ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವ 27 ಇಂಚಿನ 1080ಪಿ ಮಾನಿಟರಿನಲ್ಲಿ ಇಂಚಿಗೆ 82 ಪಿಕ್ಸೆಲ್‌ಗಳಷ್ಟೇ ಇರುತ್ತವೆ. ಅದೇ ಅಳತೆಯ 1440ಪಿಯಲ್ಲಿ 109. ಇಂಗ್ಲಿಷ್ ಮಾತ್ರ ಓದುವವರಿಗೆ ಮೊದಲನೆಯದು ನಡೆದೀತು. ಆದರೆ ಕನ್ನಡದಲ್ಲಿ ಸಾಲಿನ ಕೆಳಗೆ ಚಿಕ್ಕದಾಗಿ ಕೂರುವ ಒತ್ತಕ್ಷರಗಳಿವೆ. ‘ಷ್ಠ’ ಮತ್ತು ‘ಷ್ಟ’ ಎರಡರ ನಡುವಿನ ಅಂತರ ಕೆಲವೇ ಪಿಕ್ಸೆಲ್‌ಗಳದ್ದು. ಕರಡು ತಿದ್ದುವವರಿಗೆ ಈ ಅಂತರವೇ ಕೆಲಸ. ಮಾನಿಟರ್ ಕೊಳ್ಳಲು ಹೋದಾಗ ಅಂಗಡಿಯವರು ತೋರಿಸುವ ಬಣ್ಣಬಣ್ಣದ ವಿಡಿಯೋ ನೋಡಿ ಒಪ್ಪದೆ, ಕನ್ನಡದ ಯಾವುದಾದರೂ ಸುದ್ದಿತಾಣದ ಪುಟ ತೆರೆಸಿ ಓದಿ ನೋಡಬೇಕೆಂದು ನಾನು ಒತ್ತಿ ಹೇಳುತ್ತೇನೆ.

‘ಕೋಪೈಲಟ್ ಪ್ಲಸ್’ ಎಂಬ ಚೀಟಿ ಅಂಟಿಸಿಕೊಂಡು ಬರುತ್ತಿರುವ ಹೊಸ ಗಣಕಗಳ ಬಗ್ಗೆ ಕೇಳುವವರಿದ್ದಾರೆ. 2024ರ ಮೇ ತಿಂಗಳಿನಲ್ಲಿ ಮೈಕ್ರೋಸಾಫ್ಟ್ ಪ್ರಕಟಿಸಿದ ಆ ವರ್ಗಕ್ಕೆ ಸೆಕೆಂಡಿಗೆ 40 ಲಕ್ಷ ಕೋಟಿ ಗಣನೆ ಮಾಡಬಲ್ಲ ಎನ್‌ಪಿಯು (ಕೃತಕ ಬುದ್ಧಿಮತ್ತೆಯ ಲೆಕ್ಕಗಳಿಗೇ ಮೀಸಲಾದ ಘಟಕ) ಮತ್ತು ಕನಿಷ್ಠ 16 ಜಿಬಿ ರ‍್ಯಾಮ್ ಬೇಕು. 5600ರಲ್ಲಿ ಎನ್‌ಪಿಯು ಇಲ್ಲ, ಮುಂದೆ ಸೇರಿಸಲೂ ಆಗದು. ನಾನು ಮಾಡುವ ಕೆಲಸಗಳಲ್ಲಿ ಅದರ ಕೊರತೆ ಈವರೆಗೆ ಕಂಡಿಲ್ಲ.

ಯಾರು ಇದನ್ನು ಕೊಳ್ಳಬಾರದು ಎಂಬುದನ್ನೂ ಹೇಳಬೇಕು. 5600ರ ಒಳಗೆ ಗ್ರಾಫಿಕ್ಸ್ ಇಲ್ಲ. ಒಳಗೇ ಗ್ರಾಫಿಕ್ಸ್ ಇರುವ ಹಳೆಯ ರೈಜೆನ್ 2200ಜಿ ಅಥವಾ 2400ಜಿ ಬಳಸುತ್ತ, ಪ್ರತ್ಯೇಕ ಕಾರ್ಡು ಇಲ್ಲದೆ ಬೋರ್ಡಿನ ಎಚ್‌ಡಿಎಂಐ ಕಿಂಡಿಗೇ ಮಾನಿಟರ್ ಜೋಡಿಸಿರುವವರು ಇದನ್ನು ಹಾಕಿದರೆ ಪರದೆಯಲ್ಲಿ ಏನೂ ಮೂಡುವುದಿಲ್ಲ. ಅಂಥವರು ಒಳಗೇ ಗ್ರಾಫಿಕ್ಸ್ ಇರುವ 5600ಜಿ ಅಥವಾ 5600ಜಿಟಿಯನ್ನು ಕೇಳಿ ಪಡೆಯಬೇಕು; ಅವುಗಳಲ್ಲಿ ಎಲ್3 ಕ್ಯಾಷ್ 16 ಎಂಬಿಗೆ ಇಳಿದಿರುತ್ತದೆ ಎಂಬುದನ್ನು ಬಿಟ್ಟರೆ ಮನೆಯ ಕೆಲಸಕ್ಕೆ ಕೊರತೆಯಿಲ್ಲ. ರೈಜೆನ್ 5 3600 ಇರುವವರು ಸುಮ್ಮನಿರುವುದು ಲೇಸು, ಅದು ವಿಂಡೋಸ್ 11ರ ಪಟ್ಟಿಯಲ್ಲೂ ಇದೆ. ಎಸ್‌ಎಂಪಿಎಸ್ (ಗಣಕಕ್ಕೆ ವಿದ್ಯುತ್ ಒದಗಿಸುವ ಪೆಟ್ಟಿಗೆ) ಹೆಸರಿಲ್ಲದ ಅಗ್ಗದ್ದಾಗಿದ್ದು ಏಳೆಂಟು ವರ್ಷ ದುಡಿದಿದ್ದರೆ, ಮೊದಲು ಅದನ್ನು ಬದಲಿಸಿ, ಪ್ರೊಸೆಸರಿನ ಯೋಚನೆಯನ್ನು ಆಮೇಲೆ ಮಾಡಿ.